ಮಕ್ಕಳಿಗೆ ‘ಇಲ್ಲ’ ಎನ್ನಲು ನಮಗೇಕೆ ಇಷ್ಟು ಕಷ್ಟ? ಅತಿಮುದ್ದಿನ ಬಗ್ಗೆ ಮಾತಾಡೋಣ

ಪ್ರಾಥಮಿಕ ಶಾಲೆ ಟೀಚರ್

ಎರಡನೇ, ಮೂರನೇ ತರಗತಿಗಳಿಗೆ ಪಾಠ ಮಾಡುತ್ತೇನೆ. ಬಹಳ ದಿನದಿಂದ ಮನಸ್ಸನ್ನು ಕೊರೆಯುತ್ತಿರುವ ಸಂಗತಿಯೊಂದನ್ನು ಇಲ್ಲಿರುವ ಅಪ್ಪ ಅಮ್ಮಂದಿರ ಮುಂದಿಡುತ್ತಿದ್ದೇನೆ.

ಓದಿನಲ್ಲಿ ಚುರುಕಾಗಿರುವ, ಪಟಪಟನೆ ಮಾತಾಡುವ ಕೆಲವು ಮಕ್ಕಳು ಪೆನ್ಸಿಲ್ ಮೊನೆ ಮುರಿದ ತಕ್ಷಣ ಕೈಕಟ್ಟಿ ಕೂತುಬಿಡುತ್ತಾರೆ. ಮೆಂಡರ್ ಅವರ ಚೀಲದಲ್ಲೇ ಇರುತ್ತದೆ. ತೆಗೆದು ಚೂಪು ಮಾಡಿಕೊಳ್ಳಬಹುದು ಎಂದು ಹೊಳೆಯುವುದಿಲ್ಲ. ಯಾರಾದರೂ ಬಂದು ಮಾಡಿಕೊಡುತ್ತಾರೆ ಎಂದು ಕಾಯುತ್ತಾರೆ, ಯಾರೂ ಬರದಿದ್ದರೆ ಕಣ್ಣಲ್ಲಿ ನೀರು. ಸಾಲಿನಲ್ಲಿ ಸರದಿ ಬರುವ ತನಕ ನಿಲ್ಲುವುದೇ ಇವರಿಗೆ ದೊಡ್ಡ ಶಿಕ್ಷೆ.

ಮೊನ್ನೆ ನಾಲ್ಕು ಮಕ್ಕಳು ಹಾವು-ಏಣಿ ಆಡುತ್ತಿದ್ದರು. ಒಬ್ಬನ ಕಾಯಿ ಇನ್ನೇನು ನೂರು ಮುಟ್ಟಬೇಕು, ಹಾವು ಕಚ್ಚಿತು. ಅವನು ಕಾಯಿಯನ್ನು ಇಳಿಸಲಿಲ್ಲ. ಉಳಿದವರು ಜಗಳಕ್ಕೆ ಬಂದಾಗ, “ನಮ್ಮನೇಲಿ ನಂಗೆ ಹಾವು ಕಚ್ಚಲ್ಲ” ಅಂದ. ಸುಳ್ಳು ಹೇಳುವ ಹುಡುಗನಲ್ಲ. ಅವನ ಮನೆಯಲ್ಲಿ ನಿಜಕ್ಕೂ ಆಟ ಹಾಗೆಯೇ ನಡೆಯುತ್ತದೆ. ಮರುದಿನ ಆ ಮೂವರು ಅವನನ್ನು ಆಟಕ್ಕೆ ಕರೆಯಲಿಲ್ಲ. ಮಧ್ಯಾಹ್ನವೆಲ್ಲ ಅವನು ಕಿಟಕಿ ಪಕ್ಕ ಒಬ್ಬನೇ ಕೂತಿದ್ದ. ಯಾಕೆ ಹೀಗಾಯಿತು ಅನ್ನುವುದೂ ಅವನಿಗೆ ಗೊತ್ತಾಗಲಿಲ್ಲ.

ಪೋಷಕರ ಸಭೆಯಲ್ಲಿ ಈ ಮಾತು ಎತ್ತಿದರೆ ಬರುವ ಉತ್ತರ ಒಂದೇ: “ಇನ್ನೂ ಚಿಕ್ಕವನು ಮೇಡಂ, ದೊಡ್ಡವನಾದ ಮೇಲೆ ಸರಿಹೋಗ್ತಾನೆ.” ತಾನಾಗಿಯೇ ಸರಿಹೋಗುತ್ತದೆಯೇ? ನಿಮ್ಮ ಅನುಭವ ಏನು?

ಇಬ್ಬರು ಹೆಣ್ಣುಮಕ್ಕಳ ಅಪ್ಪ

ಮೇಡಂ, ನಿಮ್ಮ ಕಾಳಜಿ ಅರ್ಥವಾಗುತ್ತದೆ, ಆದರೆ ಇನ್ನೊಂದು ಮಗ್ಗುಲನ್ನೂ ನೋಡಿ. ನಾನು ಬೆಲ್ಟಿನ ಏಟು ತಿಂದು ಬೆಳೆದವನು. ಏನು ಕೇಳಿದರೂ ‘ಇಲ್ಲ’, ಯಾಕೆ ಅಂತ ಕೇಳಿದರೆ ಏಟು. ಅಪ್ಪ ಮನೆಗೆ ಬರುವ ಹೊತ್ತಿಗೆ ಹೊಟ್ಟೆಯೊಳಗೆ ನಡುಕ ಶುರುವಾಗುತ್ತಿತ್ತು. ನನ್ನ ಮಕ್ಕಳು ನನ್ನ ಕಾಲಿನ ಸಪ್ಪಳ ಕೇಳಿದರೆ ಬಾಗಿಲಿಗೆ ಓಡಿಬರಬೇಕು ಎಂದು ಆಗಲೇ ತೀರ್ಮಾನಿಸಿದ್ದೆ. ಹಾಗೆಯೇ ಓಡಿಬರುತ್ತಾರೆ. ಕೇಳಿದ್ದು ಕೊಡಿಸುವ ಶಕ್ತಿ ಇದೆ, ಕೊಡಿಸುತ್ತೇನೆ. ಜಗತ್ತು ಹೇಗೂ ಅವರಿಗೆ ‘ಇಲ್ಲ’ ಅನ್ನುತ್ತದೆ, ಮನೆಯಲ್ಲಾದರೂ ‘ಹೂಂ’ ಸಿಗಲಿ. ಇದರಲ್ಲಿ ತಪ್ಪೇನು?

ನಿವೃತ್ತ ಮೇಷ್ಟ್ರು

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ನಮ್ಮ ಕಾಲದಲ್ಲಿ ಎರಡು ಏಟು ಬಿದ್ದರೆ ಹಠ ಹೇಳಹೆಸರಿಲ್ಲದೆ ಹೋಗುತ್ತಿತ್ತು. ಈಗ ಬೈದರೂ ಅಪರಾಧ. ಅದಕ್ಕೇ ಈ ಗತಿ.

ಮಕ್ಕಳ ಆಪ್ತಸಮಾಲೋಚಕಿ

ಮೇಲಿನ ಎರಡೂ ಅಭಿಪ್ರಾಯಗಳು ನನ್ನ ಕೋಣೆಗೆ ದಿನಾ ಬರುತ್ತವೆ. ಎಷ್ಟೋ ಸಲ ಒಂದೇ ಮನೆಯಿಂದ ಬರುತ್ತವೆ. ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಅಮೆರಿಕದ ಮನೋವಿಜ್ಞಾನಿ ಡಯಾನಾ ಬಾಮ್‌ರಿಂಡ್ 1960ರ ದಶಕದಲ್ಲಿ ಪುಟ್ಟ ಮಕ್ಕಳನ್ನೂ ಅವರ ತಂದೆತಾಯಿಯರನ್ನೂ ಹತ್ತಿರದಿಂದ ಗಮನಿಸಿ ಮೂರು ರೀತಿಯ ಪಾಲನೆಯನ್ನು ಗುರುತಿಸಿದರು. ಹೇಳಿದ್ದು ಕೇಳು, ಎದುರಾಡಬೇಡ ಅನ್ನುವುದು ಒಂದು. ಕೇಳಿದ್ದೆಲ್ಲ ಕೊಟ್ಟು ಯಾವುದಕ್ಕೂ ಕಟ್ಟುಪಾಡು ಇಡದಿರುವುದು ಇನ್ನೊಂದು. ಅಕ್ಕರೆಯನ್ನೂ ನಿಯಮವನ್ನೂ ಒಟ್ಟಿಗೆ ಇಟ್ಟುಕೊಂಡು, ನಿಯಮ ಯಾಕೆ ಅಂತ ಮಗುವಿಗೆ ತಿಳಿಸಿ ಹೇಳುವುದು ಮೂರನೆಯದು. 1983ರಲ್ಲಿ ಮ್ಯಾಕೋಬಿ ಮತ್ತು ಮಾರ್ಟಿನ್ ಇದನ್ನೇ ಎರಡು ಅಳತೆಗಳಾಗಿ ಬಿಡಿಸಿಟ್ಟರು. ಮಗುವಿಗೆ ನಾವು ಎಷ್ಟು ಸ್ಪಂದಿಸುತ್ತೇವೆ ಎನ್ನುವುದು ಒಂದು ಅಳತೆ, ಮಗುವಿನಿಂದ ಎಷ್ಟು ನಿರೀಕ್ಷಿಸುತ್ತೇವೆ ಎನ್ನುವುದು ಇನ್ನೊಂದು. ಎರಡೂ ಬೇರೆ ಬೇರೆ. ಒಂದು ಹೆಚ್ಚಾದರೆ ಇನ್ನೊಂದು ಕಡಿಮೆಯಾಗಬೇಕಿಲ್ಲ.

ಹಾಗಾಗಿ ಅಪ್ಪ ಅವರೇ, ನಿಮ್ಮ ಮಕ್ಕಳು ಬಾಗಿಲಿಗೆ ಓಡಿಬರುತ್ತಾರಲ್ಲ, ಅದು ನೀವು ಕೊಡಿಸಿದ ವಸ್ತುಗಳಿಗಲ್ಲ. ನೀವು ಅವರ ಮಾತಿಗೆ ಕಿವಿ ಕೊಡುತ್ತೀರಿ, ಅದಕ್ಕೆ. ನಾಳೆ ನೀವು ಒಂದು ‘ಇಲ್ಲ’ ಹೇಳಿದರೂ ಆ ಓಟ ನಿಲ್ಲುವುದಿಲ್ಲ.

ಮೇಷ್ಟ್ರೇ, ಏಟಿನ ಬಗ್ಗೆ ಒಂದು ಮಾತು. 2016ರಲ್ಲಿ ಎಲಿಜಬೆತ್ ಗೆರ್ಶಾಫ್ ಮತ್ತು ಆಂಡ್ರ್ಯೂ ಗ್ರೋಗನ್-ಕೇಲರ್ ಅವರು ಸುಮಾರು 50 ವರ್ಷಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು, 1,60,000ಕ್ಕೂ ಹೆಚ್ಚು ಮಕ್ಕಳ ಮಾಹಿತಿ ಅದರಲ್ಲಿತ್ತು. ಏಟು ತಿನ್ನುವ ಮಕ್ಕಳಲ್ಲಿ ಹಠವೂ ಆಕ್ರಮಣವೂ ಹೆಚ್ಚೇ ಕಂಡವು, ಕಡಿಮೆಯಲ್ಲ. ಏಟಿಗೆ ಹೆದರಿ ಆ ಕ್ಷಣ ಸುಮ್ಮನಾದ ಮಗು ತನ್ನನ್ನು ತಾನು ಹಿಡಿದುಕೊಳ್ಳುವುದನ್ನು ಕಲಿತಿರುವುದಿಲ್ಲ. ಅತಿಮುದ್ದಿಗೆ ಮದ್ದು ಹೊಡೆತವಲ್ಲ, ದಯವಿಟ್ಟು ಆ ದಾರಿ ಬೇಡ.

ಇಬ್ಬರು ಹೆಣ್ಣುಮಕ್ಕಳ ಅಪ್ಪ

ಧನ್ಯವಾದ ಮೇಡಂ. ಆದರೂ ಒಂದು ಕೇಳಬೇಕು. ಎಲ್ಲ ಕಡೆಯೂ ಮುದ್ದು ಮಾಡಿದ ಮಕ್ಕಳು ಕೆಟ್ಟೇ ಹೋಗುತ್ತಾರೆ ಅಂತ ಸಾಬೀತಾಗಿದೆಯಾ?

ಮಕ್ಕಳ ಆಪ್ತಸಮಾಲೋಚಕಿ

ಇಲ್ಲ, ಹಾಗೆ ಹೇಳಿದರೆ ತಪ್ಪಾಗುತ್ತದೆ. 1991ರಲ್ಲಿ ಅಮೆರಿಕದಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಹದಿಹರೆಯದವರ ಮೇಲೆ ನಡೆದ ಅಧ್ಯಯನವೊಂದರಲ್ಲಿ, ಕಟ್ಟುಪಾಡಿಲ್ಲದ ಅಕ್ಕರೆಯ ಮನೆಗಳ ಮಕ್ಕಳಿಗೆ ಆತ್ಮವಿಶ್ವಾಸ ಚೆನ್ನಾಗಿಯೇ ಇತ್ತು. ಆದರೆ ಶಾಲೆಯಲ್ಲಿ ಮನಸ್ಸಿಟ್ಟು ಕಲಿಯುವುದು ಕಡಿಮೆ, ಶಿಸ್ತು ಮುರಿಯುವುದು ಮತ್ತು ಮಾದಕ ವಸ್ತುಗಳ ಬಳಕೆ ಹೆಚ್ಚು ಇತ್ತು. ಆದರೆ 2009ರಲ್ಲಿ ಸ್ಪೇನಿನ ಹದಿಹರೆಯದವರನ್ನು ನೋಡಿದ ಗಾರ್ಸಿಯಾ ಮತ್ತು ಗ್ರಾಸಿಯಾ ಅವರಿಗೆ, ಅಕ್ಕರೆ ಜಾಸ್ತಿ ಬಿಗಿ ಕಡಿಮೆ ಇರುವ ಮನೆಗಳ ಮಕ್ಕಳು ಉಳಿದವರಷ್ಟೇ, ಕೆಲವು ವಿಷಯಗಳಲ್ಲಿ ಇನ್ನೂ ಚೆನ್ನಾಗಿ ಇರುವುದು ಕಂಡಿತು. ಅಕ್ಕರೆ ಎಲ್ಲೂ ಕೆಡುಕು ಮಾಡಿಲ್ಲ. ಬಿಗಿ ಎಷ್ಟಿರಬೇಕು ಅನ್ನುವುದು ಸುತ್ತಲಿನ ಸಮಾಜದ ಮೇಲೂ ನಿಂತಿದೆ.

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ನೆದರ್‌ಲ್ಯಾಂಡ್ಸ್‌ನಲ್ಲಿ 565 ಮಕ್ಕಳೊಂದಿಗೆ ಎಡ್ಡಿ ಬ್ರುಮೆಲ್‌ಮನ್ ತಂಡ ನಡೆಸಿದ ಅಧ್ಯಯನ. ಅದು 2015ರಲ್ಲಿ ಪ್ರಕಟವಾಯಿತು. 7ರಿಂದ 11 ವರ್ಷದ ಮಕ್ಕಳು. ‘ನಮ್ಮ ಮಗು ಉಳಿದ ಮಕ್ಕಳಿಗಿಂತ ವಿಶೇಷ, ಅದಕ್ಕೆ ಹೆಚ್ಚಿನದೇ ಸಲ್ಲಬೇಕು’ ಎಂದು ನಂಬಿದ ಪೋಷಕರ ಮಕ್ಕಳಲ್ಲಿ ಕಾಲ ಕಳೆದಂತೆ ತಾನೇ ಮೇಲು ಅನ್ನುವ ಭಾವ ಬೆಳೆಯಿತು. ಅಕ್ಕರೆ ತೋರಿಸಿದ ಪೋಷಕರ ಮಕ್ಕಳಲ್ಲಿ ಬೆಳೆದದ್ದು ಆತ್ಮಗೌರವ. ‘ನೀನು ನನಗೆ ಬಹಳ ಇಷ್ಟ’ ಮತ್ತು ‘ನೀನು ಎಲ್ಲರಿಗಿಂತ ದೊಡ್ಡವನು’, ಈ ಎರಡು ಮಾತುಗಳ ಫಲವೇ ಬೇರೆ.

ಹೊಸ ಅಮ್ಮ

ಇಲ್ಲಿ ಕೇಳಬಹುದೋ ಇಲ್ಲವೋ ಗೊತ್ತಿಲ್ಲ. ನನ್ನ ಮಗುವಿಗೆ ಏಳು ತಿಂಗಳು. ಅತ್ತ ಕೂಡಲೇ ಎತ್ತಿಕೊಳ್ಳುತ್ತೇನೆ. “ಎತ್ತಿ ಎತ್ತಿ ಅಭ್ಯಾಸ ಮಾಡಿಸ್ಬೇಡ, ಆಮೇಲೆ ತಲೆ ಮೇಲೆ ಕೂರುತ್ತೆ” ಅಂತ ಎಲ್ಲರೂ ಹೇಳುತ್ತಾರೆ. ಅಳಲು ಬಿಟ್ಟರೆ ನನ್ನ ಎದೆ ಒಡೆಯುತ್ತದೆ.

ಮಕ್ಕಳ ಆಪ್ತಸಮಾಲೋಚಕಿ

ಎತ್ತಿಕೊಳ್ಳಿ. ಹಿಂದೆಮುಂದೆ ನೋಡಬೇಡಿ. 1972ರಲ್ಲಿ ಸಿಲ್ವಿಯಾ ಬೆಲ್ ಮತ್ತು ಮೇರಿ ಐನ್ಸ್‌ವರ್ತ್ 26 ತಾಯಿ-ಮಗು ಜೋಡಿಗಳನ್ನು ಮೊದಲ ವರ್ಷವಿಡೀ ಗಮನಿಸಿ ಕಂಡದ್ದು ಏನೆಂದರೆ, ಅಳುವಿಗೆ ಬೇಗ ಓಗೊಟ್ಟ ತಾಯಂದಿರ ಮಕ್ಕಳು ವರ್ಷದ ಕೊನೆಗೆ ಕಡಿಮೆ ಅಳುತ್ತಿದ್ದರು. ಆ ವಯಸ್ಸಿನಲ್ಲಿ ಅಳು ಒಂದೇ ಭಾಷೆ. ಇಲ್ಲಿ ನಾವು ಮಾತಾಡುತ್ತಿರುವ ವಿಷಯ ಕೂಸುಗಳಿಗೆ ಸಂಬಂಧಿಸಿದ್ದಲ್ಲ, ನಡೆದು ಓಡಿ ‘ನಂದು’ ‘ಬೇಕು’ ಅನ್ನಲು ಕಲಿತ ಮೇಲಿನದು.

ಇಪ್ಪತ್ತಮೂರರ ಹುಡುಗ

ನಾನು ಆ ಕಡೆಯಿಂದ ಬಂದವನು, ಅಂದ್ರೆ ಹಾಗೆ ಬೆಳೆದವನು. ಅದಕ್ಕೇ ಬರೀತಿದೀನಿ.

ನಾನು ಒಬ್ಬನೇ ಮಗ. ಮನೇಲಿ ನನಗೆ ಯಾವುದೂ ಕಡಿಮೆ ಇರಲಿಲ್ಲ, ಅಪ್ಪ ಅಮ್ಮನ ಪ್ರೀತಿ ಬಗ್ಗೆ ಒಂದು ಚೂರೂ ಅನುಮಾನ ಇಲ್ಲ. ಹಾಸ್ಟೆಲ್‌ಗೆ ಹೋದಾಗ ಗೊತ್ತಾಗಿದ್ದು, ನನಗೆ ಬಟ್ಟೆ ಒಗೆಯೋಕೆ ಬರಲ್ಲ ಅನ್ನೋದಲ್ಲ. ಅದನ್ನ ಒಂದು ವಾರದಲ್ಲಿ ಕಲಿಬಹುದು. ರೂಮಿನವನು “ಲೈಟ್ ಆರಿಸು, ಮಲಗ್ಬೇಕು” ಅಂದ್ರೆ ನನಗೆ ಅವಮಾನ ಆದ ಹಾಗೆ ಆಗ್ತಿತ್ತು. ಯಾರೋ ನನ್ನ ಅಡ್ಡಗಟ್ಟಿದ್ರು ಅನ್ನೋ ತರ ಮೈ ಬಿಸಿ ಆಗೋದು. ಕೆಲಸಕ್ಕೆ ಸೇರಿದ ಮೇಲೆ ಮೇಲಿನವರು ನಾನು ಬರೆದಿದ್ದನ್ನ ತಿದ್ದಿ ವಾಪಸ್ ಕಳಿಸಿದಾಗಲೂ ಅದೇ. ಎರಡು ದಿನ ಯಾರ ಹತ್ರನೂ ಮಾತಾಡ್ತಿರಲಿಲ್ಲ.

ಬೇಜಾರು ಅನ್ನೋದು ಬರುತ್ತೆ, ಸ್ವಲ್ಪ ಹೊತ್ತು ಇರುತ್ತೆ, ಹೋಗುತ್ತೆ. ಎಲ್ಲರಿಗೂ ಗೊತ್ತಿರೋ ಈ ವಿಷಯ ನನಗೆ ಗೊತ್ತಿರಲಿಲ್ಲ. ಯಾಕಂದ್ರೆ ಚಿಕ್ಕವನಿದ್ದಾಗ ಬೇಜಾರು ಬಂದ ಒಂದು ನಿಮಿಷಕ್ಕೇ ಯಾರಾದ್ರೂ ಓಡಿಬಂದು ಅದನ್ನ ತೆಗೆದು ಹಾಕಿಬಿಡ್ತಿದ್ರು. ಅದು ತಾನಾಗೇ ಹೋಗೋದನ್ನ ನಾನು ನೋಡೇ ಇರಲಿಲ್ಲ.

ಪ್ರಾಥಮಿಕ ಶಾಲೆ ಟೀಚರ್

ನಿಮ್ಮ ಕೊನೆಯ ಪ್ಯಾರಾವನ್ನು ಮತ್ತೆ ಮತ್ತೆ ಓದಿದೆ. ನಾನು ಹೇಳಬೇಕೆಂದಿದ್ದನ್ನು ನನಗಿಂತ ಚೆನ್ನಾಗಿ ಹೇಳಿದ್ದೀರಿ. ಆಟಿಕೆಗಳ ರಾಶಿಯನ್ನು ನೋಡಿ ನಾವು ಅತಿಮುದ್ದು ಅನ್ನುತ್ತೇವೆ. ಆಟಿಕೆಯೇ ಇಲ್ಲದ ಮನೆಯಲ್ಲೂ ಅತಿಮುದ್ದು ಇರಬಹುದು. ಮಗುವಿನ ಮುಖ ಬಾಡುವುದನ್ನು ದೊಡ್ಡವರಿಗೆ ಅರೆಗಳಿಗೆಯೂ ನೋಡಲಾಗುವುದಿಲ್ಲ, ಮೂಲ ಅಲ್ಲಿದೆ.

ಮಕ್ಕಳ ಆಪ್ತಸಮಾಲೋಚಕಿ

ಹೌದು. ಈ ವಿಷಯದಲ್ಲಿ ಕೆಲಸ ಮಾಡಿರುವ ಕ್ಲಾರ್ಕ್, ಡಾಸನ್, ಬ್ರೆಡೆಹಾಫ್ಟ್ ಅನ್ನುವ ಅಮೆರಿಕದ ಮೂವರು ಅತಿಮುದ್ದನ್ನು ಮೂರು ಬಗೆಯಾಗಿ ನೋಡುತ್ತಾರೆ: ವಸ್ತು, ಮನರಂಜನೆಗಳನ್ನು ಮಿತಿಮೀರಿ ಕೊಡುವುದು, ಮಗು ತಾನೇ ಮಾಡಬಲ್ಲದ್ದನ್ನು ನಾವೇ ಮಾಡಿಬಿಡುವುದು, ನಿಯಮವನ್ನೂ ಮನೆಗೆಲಸವನ್ನೂ ಮಗುವಿನಿಂದ ದೂರವಿಡುವುದು. ಎರಡನೆಯದು ಬಹಳ ಮನೆಗಳಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ, ಯಾಕೆಂದರೆ ಹೊರಗಿನಿಂದ ಅದು ಒಳ್ಳೆಯ ತಾಯ್ತನದ ಹಾಗೆಯೇ ಕಾಣುತ್ತದೆ.

ಮಕ್ಕಳು ಹುಟ್ಟಾ ಸೋಮಾರಿಗಳಲ್ಲ. 2006ರಲ್ಲಿ ವಾರ್ನೆಕನ್ ಮತ್ತು ಟೊಮಸೆಲ್ಲೊ ಹದಿನೆಂಟು ತಿಂಗಳ ಮಕ್ಕಳ ಎದುರು ಬಟ್ಟೆಯ ಕ್ಲಿಪ್ ಬೀಳಿಸಿ, ಕೈ ಎಟುಕದವರಂತೆ ಚಾಚಿದರು. ಯಾರೂ ಕೇಳದೆ, ಯಾರೂ ಹೊಗಳದೆ, ಬಹುತೇಕ ಮಕ್ಕಳು ಇಂಥ ಒಂದಾದರೂ ಸಂದರ್ಭದಲ್ಲಿ ತಾವಾಗಿ ನೆರವಿಗೆ ಬಂದರು. ಎರಡು ವರ್ಷದ ಮಗು ಪೊರಕೆ ಹಿಡಿದು ಬಂದಾಗ “ಬಿಡು, ನೀನು ಗಲೀಜು ಮಾಡ್ತೀಯ” ಅಂತ ಕಿತ್ತುಕೊಳ್ಳುವವರು ನಾವು. ಅದೇ ಮಗುವಿಗೆ ಹತ್ತು ವರ್ಷವಾದಾಗ “ಒಂದು ಕೆಲಸಕ್ಕೂ ಕೈ ಹಾಕಲ್ಲ” ಅಂತ ಬೈಯುವವರೂ ನಾವೇ. ಇದು ನನಗೆ ನಿಜಕ್ಕೂ ಸಂಕಟದ ವಿಷಯ.

ಮೂವರು ಮೊಮ್ಮಕ್ಕಳ ಅಜ್ಜಿ

ಮಕ್ಕಳು ಹಾಳಾದ್ರೆ ಎಲ್ಲರೂ ಬೆರಳು ತೋರಿಸೋದು ಅಜ್ಜಿ ತಾತನ ಕಡೆಗೇ. ಅದಕ್ಕೆ ನಾನೂ ಒಂದು ಮಾತು ಹೇಳ್ತೀನಿ. ನಮ್ಮ ಹತ್ರ ಇರೋದು ಹೊತ್ತು. ಮಗು ಒಂದು ಕಥೆನ ಏಳು ಸಲ ಕೇಳಿದ್ರೂ ಹೇಳ್ತೀವಿ, ಅಂಗಿ ಗುಂಡಿ ತಾನೇ ಹಾಕ್ಕೋತೀನಿ ಅಂದ್ರೆ ಅರ್ಧ ಗಂಟೆ ಆದ್ರೂ ಕಾಯ್ತೀವಿ. ಅವಸರದಲ್ಲಿ ಇರೋರು ಗುಂಡಿನೂ ತಾವೇ ಹಾಕ್ತಾರೆ, ಅತ್ರೆ ಫೋನೂ ತಾವೇ ಕೊಡ್ತಾರೆ. ಇದನ್ನ ಬೈಗುಳ ಅನ್ಕೋಬೇಡಿ ಮಕ್ಕಳೇ, ನಿಮ್ಮ ಕಷ್ಟ ನನಗೆ ಕಾಣುತ್ತೆ.

ಕೆಲಸಕ್ಕೆ ಹೋಗುವ ಅಮ್ಮ

ಅಜ್ಜಿ ಹೇಳಿದ್ದು ನಮ್ಮ ಮನೆಯ ಕಥೆಯೇ. ಸಂಜೆ ಮನೆಗೆ ಬಂದ ಮೇಲೆ ಮಗನ ಜೊತೆ ಸಿಗುವುದು ಹೆಚ್ಚೆಂದರೆ ಎರಡು ಗಂಟೆ. ಆ ಎರಡು ಗಂಟೆಯೂ ಜಗಳವಾಗುವುದು ಬೇಡ ಅನ್ನಿಸುತ್ತದೆ. ಐದು ವರ್ಷ ಅವನಿಗೆ. ಫೋನ್ ತೆಗೆದುಕೊಂಡರೆ ನೆಲಕ್ಕೆ ಬಿದ್ದು ಹೊರಳಾಡಿ ಕಿರುಚುತ್ತಾನೆ. ಇಪ್ಪತ್ತು ನಿಮಿಷ ತಡೆದುಕೊಂಡು ಕೊನೆಗೆ ಕೊಟ್ಟುಬಿಡುತ್ತೇನೆ. ‘ಮಿತಿ ಹಾಕಿ’ ಅಂತ ಎಲ್ಲರೂ ಹೇಳುತ್ತಾರೆ. ಆ ಇಪ್ಪತ್ತೊಂದನೇ ನಿಮಿಷದಲ್ಲಿ ಏನು ಮಾಡಬೇಕು ಅಂತ ಯಾರಾದರೂ ಹೇಳಿ.

ಮಕ್ಕಳ ಆಪ್ತಸಮಾಲೋಚಕಿ

ಒಳ್ಳೆಯ ಪ್ರಶ್ನೆ. ಉತ್ತರವೂ ಆ ಇಪ್ಪತ್ತು ನಿಮಿಷದಲ್ಲೇ ಇದೆ.

ಮೊದಲ ನಿಮಿಷದಲ್ಲೇ ಕೊಟ್ಟಿದ್ದರೆ ಮಗ ಕಲಿಯುತ್ತಿದ್ದುದು ‘ಕೇಳಿದರೆ ಸಿಗುತ್ತದೆ’ ಎಂದು. ಇಪ್ಪತ್ತು ನಿಮಿಷ ಕಿರುಚಿದ ಮೇಲೆ ಕೊಟ್ಟರೆ ಕಲಿಯುವುದು ‘ಇಪ್ಪತ್ತು ನಿಮಿಷ ಕಿರುಚಿದರೆ ಸಿಗುತ್ತದೆ’ ಎಂದು. ಒಮ್ಮೆ ಸಿಕ್ಕಿ ಒಮ್ಮೆ ಸಿಗದಿದ್ದರೆ ಆ ಅಭ್ಯಾಸ ಇನ್ನೂ ಆಳಕ್ಕಿಳಿಯುತ್ತದೆ. ಆಗೊಮ್ಮೆ ಈಗೊಮ್ಮೆ ಫಲ ಸಿಗುವ ವರ್ತನೆ ಬಿಡಿಸುವುದೇ ಕಷ್ಟ ಅನ್ನುವುದನ್ನು ಅಮೆರಿಕದ ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ ಕಾಲದಿಂದ ತಿಳಿದಿದ್ದೇವೆ. ಇನ್ನು ಜೆರಾಲ್ಡ್ ಪ್ಯಾಟರ್ಸನ್ ಎಂಬುವರು ಜಗಳದ ಮನೆಗಳನ್ನು ವರ್ಷಗಟ್ಟಲೆ ಗಮನಿಸಿ ಹೇಳಿದ್ದು, ಈ ಪಾಠ ಇಬ್ಬರಿಗೂ ಆಗುತ್ತದೆ ಎಂದು. ಕಿರುಚಿದರೆ ಅಮ್ಮ ಸೋಲುತ್ತಾಳೆಂದು ಮಗ ಕಲಿಯುತ್ತಾನೆ. ಕೊಟ್ಟರೆ ಮನೆ ತಣ್ಣಗಾಗುತ್ತದೆಂದು ಅಮ್ಮ ಕಲಿಯುತ್ತಾಳೆ.

ಮಾಡಬೇಕಾದ್ದು: ಎಷ್ಟು ಹೊತ್ತು, ಯಾವಾಗ ಅನ್ನುವುದನ್ನು ಫೋನ್ ಕೈಗೆ ಕೊಡುವ ಮೊದಲೇ ಹೇಳಿ, ಕಿತ್ತುಕೊಳ್ಳುವಾಗ ಅಲ್ಲ. ಮುಗಿಯುವ ಐದು ನಿಮಿಷ ಮುಂಚೆ ನೆನಪಿಸಿ. (ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ಪರದೆಯ ಮುಂದೆ ಕೂರುವ ಹೊತ್ತು ದಿನಕ್ಕೆ ಒಂದು ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ನಿಮ್ಮವನಿಗೆ ಐದು, ಅದಕ್ಕೆ ಹತ್ತಿರವೇ ಇರಲಿ.) ಕಿರುಚಾಟ ಶುರುವಾದಾಗ ಉಪದೇಶ ಬೇಡ, ಬೆದರಿಕೆ ಬೇಡ, ಕೋಣೆಯಲ್ಲಿ ಕೂಡಿಹಾಕುವುದೂ ಬೇಡ. ಪಕ್ಕದಲ್ಲಿ ನೆಲದ ಮೇಲೆ ಕೂರಿ. “ಇನ್ನೂ ನೋಡಬೇಕು ಅನ್ನಿಸ್ತಿದೆ, ಸಿಟ್ಟು ಬಂದಿದೆ ಅಲ್ವಾ. ಇವತ್ತಿಗೆ ಮುಗೀತು. ನಾನು ಇಲ್ಲೇ ಇದೀನಿ.” ಇಷ್ಟೇ ಸಾಕು. ತಲೆಗೆ ಪೆಟ್ಟಾಗದಂತೆ ನೋಡಿಕೊಳ್ಳಿ.

ಒಂದು ಎಚ್ಚರಿಕೆ. ಮೊದಲ ಕೆಲವು ದಿನ ಅಳು ಹೆಚ್ಚಾಗುತ್ತದೆ, ಮುಂಚಿಗಿಂತ ಜೋರಾಗುತ್ತದೆ. ಹಳೆಯ ಉಪಾಯ ಕೆಲಸ ಮಾಡದಿದ್ದಾಗ ಮಗು ಅದನ್ನೇ ಇನ್ನಷ್ಟು ಬಲವಾಗಿ ಪ್ರಯತ್ನಿಸುತ್ತದೆ. ಎಷ್ಟೋ ತಂದೆತಾಯಿ ‘ಇದು ನಮಗೆ ಆಗಲ್ಲ’ ಎಂದು ಬಿಟ್ಟುಬಿಡುವುದು ಇಲ್ಲೇ. ಆ ದಿನಗಳನ್ನು ದಾಟಲು ಮನೆಯ ಎಲ್ಲ ದೊಡ್ಡವರೂ ಒಂದೇ ಮಾತಿಗೆ ಬಂದಿರಬೇಕು. ನಿಮಗೆ ಶಕ್ತಿಯಿಲ್ಲದ ದಿನ ಫೋನ್ ಕೊಡಲೇಬೇಕು ಅನ್ನಿಸಿದರೆ, ಅಳು ಶುರುವಾಗುವ ಮೊದಲೇ ಕೊಟ್ಟುಬಿಡಿ. ಅದು ಎಷ್ಟೋ ವಾಸಿ.

ಮಗಳಿಗೆ ಭಯ ಹೆಚ್ಚು

ನಮ್ಮದು ಸ್ವಲ್ಪ ಬೇರೆ. ಮಗಳಿಗೆ ಒಂಬತ್ತು. ಹಠ ಇಲ್ಲ, ಹೆದರಿಕೆ. ಹೊಸಬರ ಜೊತೆ ಮಾತಾಡಲ್ಲ, ನಾನೇ ಅವಳ ಪರವಾಗಿ ಉತ್ತರ ಕೊಡ್ತೀನಿ. ಒಬ್ಬಳೇ ಮಲಗಲ್ಲ. ಹುಟ್ಟುಹಬ್ಬಕ್ಕೆ ಯಾರಾದರೂ ಕರೆದರೆ ಏನಾದರೂ ನೆಪ ಹೇಳಿ ತಪ್ಪಿಸ್ತೀನಿ. ಇದೂ ಅತಿಮುದ್ದೇ ಅಂತ ನೆಂಟರು ಹೇಳಿದಾಗ ಬಹಳ ನೋವಾಗುತ್ತೆ.

ಮಕ್ಕಳ ಆಪ್ತಸಮಾಲೋಚಕಿ

ನೆಂಟರ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಆತಂಕ ಮುದ್ದಿನಿಂದ ಬರುವುದಿಲ್ಲ. ಕೆಲವು ಮಕ್ಕಳು ಹುಟ್ಟಿನಿಂದಲೇ ಹೊಸದಕ್ಕೆ ನಿಧಾನವಾಗಿ ಒಗ್ಗುವವರು. ಥಾಮಸ್ ಮತ್ತು ಚೆಸ್ ನ್ಯೂಯಾರ್ಕಿನಲ್ಲಿ 1956ರಲ್ಲಿ ಶುರುಮಾಡಿದ ದೀರ್ಘ ಅಧ್ಯಯನದಲ್ಲೇ ಇಂಥ ಮಕ್ಕಳು ಕಾಣುತ್ತಾರೆ. ಹಾಗೆಯೇ ಆಟಿಸಂ, ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಇರುವ ಮಕ್ಕಳ ರಂಪಾಟವನ್ನೂ ‘ಮುದ್ದಿನಿಂದ ಕೆಟ್ಟಿದ್ದು’ ಅನ್ನುವವರಿದ್ದಾರೆ. ದಯವಿಟ್ಟು ಯಾರೂ ಹಾಗೆ ಹೇಳಬೇಡಿ.

ಆದರೆ ಪ್ರತಿ ಸಲವೂ ನಾವೇ ಮುಂದೆ ಬಂದು ಭಯವನ್ನು ತಪ್ಪಿಸಿದರೆ ಭಯ ಬೇರೂರುತ್ತದೆ. ಯೇಲ್ ವಿಶ್ವವಿದ್ಯಾಲಯದ ಎಲಿ ಲೆಬೊವಿಟ್ಜ್ ಇದಕ್ಕಾಗಿಯೇ ತಂದೆತಾಯಿಗೆ ಮಾತ್ರ ತರಬೇತಿ ಕೊಡುವ ಒಂದು ಚಿಕಿತ್ಸೆ ರೂಪಿಸಿದ್ದಾರೆ. ಆತಂಕವಿದ್ದ 124 ಮಕ್ಕಳ ಮೇಲೆ ನಡೆಸಿದ ಪ್ರಯೋಗದ ವರದಿ 2020ರಲ್ಲಿ ಪ್ರಕಟವಾಯಿತು. ಮಗುವನ್ನೇ ಕೂರಿಸಿ, ಯೋಚನೆಯನ್ನೂ ನಡೆಯನ್ನೂ ಬದಲಿಸಿಕೊಳ್ಳಲು ಕಲಿಸುವ ಅರಿವಿನ-ವರ್ತನೆಯ ಚಿಕಿತ್ಸೆಯಷ್ಟೇ ಫಲ ಇದರಲ್ಲೂ ಸಿಕ್ಕಿತು. ಅಲ್ಲಿ ಪೋಷಕರು ಕಲಿಯುವ ಮಾತು ಸರಳ: “ನಿನಗೆ ಭಯ ಆಗ್ತಿದೆ, ಗೊತ್ತು. ನಿನ್ನ ಕೈಲಿ ಆಗುತ್ತೆ ಅನ್ನೋದೂ ಗೊತ್ತು.” ಆಮೇಲೆ ಒಂದೇ ಒಂದು ನೆರವನ್ನು ಆರಿಸಿಕೊಂಡು ನಿಧಾನವಾಗಿ ಹಿಂತೆಗೆಯುತ್ತಾರೆ. ಅವಳ ಪರವಾಗಿ ಉತ್ತರ ಕೊಡುವುದನ್ನು ಮೊದಲು ಬಿಟ್ಟು ನೋಡಿ. ಪ್ರಶ್ನೆಯ ನಂತರದ ಆ ಮೌನವನ್ನು ನೀವು ತಡೆದುಕೊಳ್ಳಬೇಕು. ಹತ್ತಿರದಲ್ಲಿ ಮಕ್ಕಳ ಮನೋತಜ್ಞರಿದ್ದರೆ ತಡಮಾಡದೆ ಕಾಣಿರಿ.

ಇಪ್ಪತ್ತಮೂರರ ಹುಡುಗ

ಎದುರಿಗಿರೋ ಒಂದು ತಿಂಡಿ ತಿನ್ನದೆ ಕಾದ್ರೆ ಎರಡು ಸಿಗುತ್ತೆ ಅಂತ ಮಕ್ಕಳಿಗೆ ಹೇಳ್ತಾರಲ್ಲ, ಆ ಸಿಹಿತಿಂಡಿ ಪರೀಕ್ಷೆ ಬಗ್ಗೆ ಯಾರೂ ಹೇಳಲಿಲ್ಲ? ಕಾದ ಮಕ್ಕಳು ಮುಂದೆ ಗೆದ್ದರು ಅಂತಾರಲ್ಲ.

ಮಕ್ಕಳ ಆಪ್ತಸಮಾಲೋಚಕಿ

ವಾಲ್ಟರ್ ಮಿಶೆಲ್ ಸ್ಟ್ಯಾನ್‌ಫರ್ಡ್‌ನಲ್ಲಿ ಶುರುಮಾಡಿದ ಪ್ರಯೋಗ ಅದು. 2018ರಲ್ಲಿ ಹೆಚ್ಚು ಮಕ್ಕಳೊಂದಿಗೆ ಮತ್ತೆ ನೋಡಿದಾಗ, ಮನೆಯ ಹಿನ್ನೆಲೆಯನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೆ ಆ ನಂಟು ಬಹಳ ಸಡಿಲವಾಯಿತು. ಹಾಗಾಗಿ ಅದನ್ನೇ ಭವಿಷ್ಯ ಅಂದುಕೊಳ್ಳುವುದು ಬೇಡ.

ಆದರೆ ಸೆಲೆಸ್ಟ್ ಕಿಡ್ ಮತ್ತು ಜೊತೆಗಾರರು 28 ಮಕ್ಕಳೊಂದಿಗೆ ಮಾಡಿದ್ದು ನಮ್ಮ ಚರ್ಚೆಗೆ ನೇರವಾಗಿ ಹೊಂದುತ್ತದೆ. ತಿಂಡಿಗೆ ಮೊದಲು ಮಕ್ಕಳಿಗೆ ಒಳ್ಳೆಯ ಬಣ್ಣದ ಕಡ್ಡಿಗಳನ್ನು (ಕ್ರೇಯಾನ್) ತಂದುಕೊಡುವ ಮಾತು ಕೊಟ್ಟರು. ಅರ್ಧ ಮಕ್ಕಳಿಗೆ ಮಾತು ಉಳಿಸಿಕೊಂಡರು, ಉಳಿದರ್ಧಕ್ಕೆ ಬರಿಗೈಯಲ್ಲಿ ಬಂದರು. ಆಮೇಲೆ ತಿಂಡಿ ಇಟ್ಟಾಗ ಮೊದಲ ಗುಂಪು ಸರಾಸರಿ 12 ನಿಮಿಷ ಕಾಯಿತು, ಎರಡನೆಯದು 3 ನಿಮಿಷ. ದೊಡ್ಡವರ ಮಾತಿಗೆ ಬೆಲೆ ಇದೆ ಅನ್ನಿಸಿದರೆ ಮಕ್ಕಳು ಕಾಯುತ್ತಾರೆ. ಮುದ್ದಿನ ಮನೆಯಲ್ಲಿ ‘ಇಲ್ಲ’ ಅನ್ನುವುದು ಹತ್ತು ನಿಮಿಷಕ್ಕೆ ‘ಹೂಂ’ ಆಗುತ್ತದೆ. ‘ನಾಳೆ ಖಂಡಿತ’ ಅನ್ನುವುದೂ ಅಷ್ಟೇ ಸುಲಭವಾಗಿ ಮರೆತುಹೋಗುತ್ತದೆ. ಅಲ್ಲಿ ಮಗು ಯಾವ ನಂಬಿಕೆಯ ಮೇಲೆ ಕಾಯಬೇಕು?

ನಿವೃತ್ತ ಮೇಷ್ಟ್ರು

ಏಟಿನ ವಿಚಾರದಲ್ಲಿ ನನ್ನ ಅಭಿಪ್ರಾಯ ಪೂರ್ತಿ ಬದಲಾಗಿಲ್ಲ. ಆದರೆ ಈ ಕೊನೆಯ ಮಾತು ಒಪ್ಪಿದೆ. ಮಕ್ಕಳಿಗೆ ಕೊಟ್ಟ ಮಾತು ತಪ್ಪಬಾರದು, ಅದು ಬಹುಮಾನವಾದರೂ ಸರಿ, ನಿಯಮವಾದರೂ ಸರಿ.

ಇಬ್ಬರು ಹೆಣ್ಣುಮಕ್ಕಳ ಅಪ್ಪ

ಎಲ್ಲ ಓದಿದೆ. ಹೊಡೆಯಲ್ಲ, ಅದು ನನ್ನ ಹಟ. ಉಳಿದದ್ದರ ಬಗ್ಗೆ ಹೆಂಡತಿಯ ಜೊತೆ ಕೂತು ಮಾತಾಡುತ್ತೇನೆ. ಟೀಚರ್, ಒಂದು ಚಿಕ್ಕ ಪ್ರಶ್ನೆ. ದೊಡ್ಡವಳು ನಾಲ್ಕನೇ ತರಗತಿ. ವಾರದಲ್ಲಿ ಮೂರು ದಿನ ಪುಸ್ತಕ ಮರೆತು ಹೋಗುತ್ತಾಳೆ, ನಾನು ಕೆಲಸದ ಮಧ್ಯೆ ಶಾಲೆಗೆ ಓಡಿ ಕೊಟ್ಟುಬರುತ್ತೇನೆ. ಇದನ್ನು ಬಿಡಬೇಕಾ?

ಪ್ರಾಥಮಿಕ ಶಾಲೆ ಟೀಚರ್

ಬಿಡಿ. ಆದರೆ ಇದ್ದಕ್ಕಿದ್ದಂತೆ ಬೇಡ. ಭಾನುವಾರ ಕೂರಿಸಿಕೊಂಡು ಹೇಳಿ: “ನಾಳೆಯಿಂದ ನಾನು ಪುಸ್ತಕ ತಂದುಕೊಡಲ್ಲ. ರಾತ್ರಿ ಚೀಲ ತುಂಬಿಸುವಾಗ ಬೇಕಾದರೆ ಪಕ್ಕದಲ್ಲಿ ಕೂತಿರ್ತೀನಿ.” ವೇಳಾಪಟ್ಟಿಯನ್ನು ಅವಳ ಕೈಯಲ್ಲೇ ಬರೆಸಿ ಗೋಡೆಗೆ ಅಂಟಿಸಿ. ಚೀಲ ತುಂಬಿಸುವುದು ಅವಳೇ, ನೀವು ಕೈ ಹಾಕಬೇಡಿ, ತಪ್ಪು ಪುಸ್ತಕ ಇಟ್ಟರೂ ಸುಮ್ಮನಿರಿ. ಅವಳ ಟೀಚರ್‌ಗೆ ಮೊದಲೇ ಒಂದು ಸಾಲು ಬರೆದು ಕಳಿಸಿ, ಇಲ್ಲದಿದ್ದರೆ ಅವರೇ ನಿಮಗೆ ಫೋನ್ ಮಾಡಿ ಪುಸ್ತಕ ತರಿಸುತ್ತಾರೆ. ಪುಸ್ತಕವಿಲ್ಲದ ದಿನ ಪಕ್ಕದವಳ ಪುಸ್ತಕ ನೋಡಿ ಓದಬೇಕಾಗುತ್ತದೆ, ಸ್ವಲ್ಪ ಮುಜುಗರವಾಗುತ್ತದೆ. ಸಂಜೆ ಅತ್ತುಕೊಂಡು ಬಂದರೆ “ನಾನು ಹೇಳಿರ್ಲಿಲ್ವಾ” ಅನ್ನಬೇಡಿ. ತಬ್ಬಿಕೊಳ್ಳಿ, ನಾಳೆಗೆ ಏನೇನು ಬೇಕು ಅಂತ ಕೇಳಿ, ಉತ್ತರ ಅವಳೇ ಹೇಳಲಿ.